ಕೋಶ ಸತ್ತಿದ್ದರೂ ನೇರಳೆ ಬಣ್ಣ: ನನ್ನ ಅನುಭವ

ತ್ರಿಫಲ ಕಷಾಯ ಲಿವರ್ ಕೋಶಗಳಿಗೆ ಎಷ್ಟು ಸುರಕ್ಷಿತ ಅಂತ ಎಂಟಿಟಿ ಟೆಸ್ಟ್ (ಎಷ್ಟು ಕೋಶ ಬದುಕಿವೆ ಅಂತ ಬಣ್ಣದಿಂದ ಅಳೆಯುವ ಪರೀಕ್ಷೆ) ಮಾಡುತ್ತಿದ್ದೆ. ಹೆಪ್‌ಜಿ2 ಕೋಶಗಳು (ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಲಿವರ್ ಕ್ಯಾನ್ಸರ್ ಕೋಶಗಳು), 96 ವೆಲ್ (ಪುಟ್ಟ ಗುಳಿ) ಇರುವ ಪ್ಲೇಟ್, ಕಷಾಯದಲ್ಲಿ 24 ಗಂಟೆ. ಕಷಾಯ ಜಾಸ್ತಿ ಹಾಕಿದಷ್ಟೂ ಬದುಕಿದ ಕೋಶಗಳ ಲೆಕ್ಕ ಏರುತ್ತಾ ಹೋಯಿತು. ಕಷಾಯ ಹಾಕದ ವೆಲ್‌ಗಳಿಗೆ ಹೋಲಿಸಿದರೆ 100% ಕೂಡ ದಾಟಿತು! ಮೊದಲು ಖುಷಿಪಟ್ಟೆ, ಸುಳ್ಳೇಕೆ ಹೇಳಲಿ. ಆದರೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅದೇ ವೆಲ್‌ಗಳಲ್ಲಿ ಕೋಶಗಳು ದುಂಡಗಾಗಿ, ತಳ ಬಿಟ್ಟು ತೇಲುತ್ತಿದ್ದವು.

ಎಂಟಿಟಿ ಹಳದಿ ಬಣ್ಣದ್ದು. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ಆ ನೇರಳೆಯನ್ನೇ ನಾವು 570 ನ್ಯಾನೋಮೀಟರಿನಲ್ಲಿ ಅಳೆಯುವುದು. ಅನುಮಾನ ಬಂದು, ಕೋಶಗಳೇ ಇಲ್ಲದ ವೆಲ್‌ಗಳಿಗೆ ಸುಮ್ನೆ ಕಷಾಯ, ಎಂಟಿಟಿ ಹಾಕಿಟ್ಟೆ. ಅವೂ ನೇರಳೆಯಾದವು. ಅಳಲೆ, ತಾರೆ, ನೆಲ್ಲಿ ಮೂರರಲ್ಲೂ ಟ್ಯಾನಿನ್ (ಒಗರು ಕೊಡುವ, ಎಂಟಿಟಿಯನ್ನು ತಾನೇ ನೇರಳೆ ಮಾಡಬಲ್ಲ ವಸ್ತು) ಜಾಸ್ತಿ ಅಲ್ವಾ? ಕೋಶ ಮಾಡಬೇಕಾದ ಕೆಲಸವನ್ನು ಕಷಾಯವೇ ಮಾಡಿಬಿಟ್ಟಿತ್ತು.

ಈಗ ಕಷಾಯ ತೆಗೆದು, ಪಿಬಿಎಸ್‌ನಲ್ಲಿ (ಕೋಶಗಳಿಗೆ ಹಾನಿ ಮಾಡದ ಉಪ್ಪಿನ ದ್ರಾವಣ) ಎರಡು ಸಲ ಮೆಲ್ಲಗೆ ತೊಳೆದು, ಹೊಸ ಮೀಡಿಯಾದಲ್ಲಿ (ಕೋಶ ಬೆಳೆಸುವ ಪೋಷಕ ದ್ರವ) ಎಂಟಿಟಿ ಹಾಕುತ್ತೇನೆ. (ಜೋರಾಗಿ ತೊಳೆದರೆ ಬದುಕಿರುವ ಕೋಶಗಳೂ ಎದ್ದು ಹೋಗುತ್ತವೆ. ಒಂದು ಪ್ಲೇಟ್ ಹಾಗೇ ಹಾಳು ಮಾಡಿಕೊಂಡೆ.) ಪ್ರತಿ ಡೋಸಿಗೂ ಕೋಶವಿಲ್ಲದ ವೆಲ್ ಇಟ್ಟು, ಅದರ ಲೆಕ್ಕ ಕಳೆಯುತ್ತೇನೆ. ನ್ಯೂಟ್ರಲ್ ರೆಡ್ ಟೆಸ್ಟನ್ನೂ (ಬದುಕಿರುವ ಕೋಶ ಒಳಗೆಳೆದುಕೊಳ್ಳುವ ಕೆಂಪು ಬಣ್ಣವನ್ನು ಅಳೆಯುವ ಪರೀಕ್ಷೆ) ಜೊತೆಗೆ ಮಾಡಿದೆ. ಎರಡರಲ್ಲೂ ಒಂದೇ ಉತ್ತರ: ಹೆಚ್ಚಿನ ಡೋಸಿನಲ್ಲಿ ಕೋಶಗಳು ಸಾಯುತ್ತಿದ್ದವು.