ಸಣ್ಣ ಕ್ಲಿನಿಕ್ಕಿನ ಸುರಕ್ಷತೆ: ಫ್ರಿಜ್ಜಿನಿಂದ ಶುರು ಮಾಡಿ

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (2007) ನೋಂದಣಿ ಮಾಡಿಸಿ, ಪ್ರಮಾಣಪತ್ರವನ್ನೂ ಶುಲ್ಕದ ಪಟ್ಟಿಯನ್ನೂ ಗೋಡೆಗೆ ತೂಗುಹಾಕಿದರೆ ಕಾಗದದ ಕೆಲಸ ಆಯಿತು. ಆದರೆ ಒಬ್ಬರು ಡಾಕ್ಟರು, ಒಬ್ಬರು ಸಿಸ್ಟರು, ಒಬ್ಬರು ಆಯಾ ಇರುವ ಕ್ಲಿನಿಕ್ಕಿನಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಫ್ರಿಜ್ಜಿನಲ್ಲಿ ಮತ್ತು ಇಂಜೆಕ್ಷನ್ ಟೇಬಲ್ಲಿನ ಮೇಲೆ.

ಫ್ರಿಜ್ಜು

ಲಸಿಕೆಗೆ ಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್. ನಡುವಿನ ಅರೆಯಲ್ಲಿ ಥರ್ಮಾಮೀಟರ್ ಇಟ್ಟು, ಬೆಳಿಗ್ಗೆ ಬಾಗಿಲು ತೆರೆದಾಗ ಒಮ್ಮೆ, ಸಂಜೆ ಮುಚ್ಚುವಾಗ ಒಮ್ಮೆ ನೋಡಿ, ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆಯಿರಿ. ಲಸಿಕೆ ಬಾಗಿಲಿನ ಖಾನೆಯಲ್ಲಿ ಬೇಡ, ತೆರೆದಾಗಲೆಲ್ಲ ಅಲ್ಲಿ ಬಿಸಿಗಾಳಿ ತಾಗುತ್ತದೆ. ಫ್ರೀಜರಿನ ಕೆಳಗಿನ ತಟ್ಟೆಯಲ್ಲೂ ಬೇಡ. ಬಿಸಿಗೆ ಹೆದರುವವರು ಹೆಪ್ಪುಗಟ್ಟುವುದಕ್ಕೆ ಹೆದರುವುದಿಲ್ಲ, ತಪ್ಪಾಗುವುದೇ ಇಲ್ಲಿ. ಡಿಪಿಟಿ, ಪೆಂಟಾವೇಲೆಂಟ್, ಹೆಪಟೈಟಿಸ್ ಬಿ, ಟಿಡಿ (ಧನುರ್ವಾಯು, ಗಂಟಲಮಾರಿ) ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಸತ್ತ ಹಾಗೆಯೇ. ಕರಗಿದ ಮೇಲೂ ಕೆಲಸಕ್ಕೆ ಬಾರವು. ಅನುಮಾನ ಬಂದರೆ ಸರಿಯಿರುವ ಅದೇ ಬ್ಯಾಚಿನ ವಯಲ್ (ಲಸಿಕೆಯ ಪುಟ್ಟ ಬಾಟಲಿ) ಜೊತೆಗಿಟ್ಟು ಎರಡನ್ನೂ ಕುಲುಕಿ ಮೇಜಿನ ಮೇಲಿಡಿ. ಹೆಪ್ಪುಗಟ್ಟಿದ್ದರಲ್ಲಿ ಚಕ್ಕೆಗಳು ಬೇಗ ತಳಕ್ಕಿಳಿಯುತ್ತವೆ, ಮೇಲೆ ತಿಳಿನೀರು ನಿಲ್ಲುತ್ತದೆ.

ಖಾಲಿ ಜಾಗದಲ್ಲಿ, ಬಾಗಿಲಿನಲ್ಲಿ ನೀರಿನ ಬಾಟಲಿಗಳನ್ನಿಡಿ. ಕರೆಂಟ್ ಹೋದಾಗ ತಂಪು ಹಿಡಿದಿಡುತ್ತವೆ. ಅಂಥ ಹೊತ್ತಿನಲ್ಲಿ ಬಾಗಿಲು ತೆರೆದು ನೋಡುವ ಚಪಲ ಬೇಡ. ಸಿಸ್ಟರ ಮೊಸರಿನ ಡಬ್ಬಿಗೂ ಇಲ್ಲಿ ಜಾಗವಿಲ್ಲ, ಅದನ್ನು ತೆಗೆಯಲೆಂದೇ ಬಾಗಿಲು ಹತ್ತು ಸಲ ತೆರೆಯುತ್ತದೆ. ಪುಡಿಗೆ ದ್ರಾವಕ ಬೆರೆಸುವ ಬಿಸಿಜಿ (ಕ್ಷಯ), ಎಂಆರ್ (ದಡಾರ, ರುಬೆಲ್ಲಾ) ಲಸಿಕೆಯ ವಯಲ್ ಮೇಲೆ ಬೆರೆಸಿದ ಸಮಯ ಬರೆದು, 4 ಗಂಟೆ ದಾಟಿದರೆ ಎಸೆಯಿರಿ.

ಇಂಜೆಕ್ಷನ್ ಟೇಬಲ್ಲು

ಒಬ್ಬರಿಗೆ ಒಂದು ಸಿರಿಂಜು, ಒಂದು ಸೂಜಿ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಮಾಡುವ ತಪ್ಪೆಂದರೆ ಹತ್ತು ಡೋಸಿನ ವಯಲ್ಲಿನ ರಬ್ಬರಿಗೆ ಸೂಜಿ ಚುಚ್ಚಿಟ್ಟು, ಬಂದವರಿಗೆಲ್ಲ ಅದರಿಂದಲೇ ಎಳೆಯುವುದು. ಆ ಸೂಜಿ ಗಾಳಿಯ ಕೊಳೆಗೆ ತೆರೆದ ಬಾಗಿಲು. ಪ್ರತಿ ಸಲವೂ ರಬ್ಬರನ್ನು ಸ್ಪಿರಿಟ್ಟಿನಿಂದ ಒರೆಸಿ, ಆರಲು ಬಿಟ್ಟು, ಹೊಸ ಸೂಜಿಯಿಂದಲೇ ಎಳೆಯಿರಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ, ಬೆರಳಿಗೆ ಚುಚ್ಚಿಕೊಳ್ಳುವುದು ಆಗಲೇ ಹೆಚ್ಚು.

ತೀವ್ರ ಅಲರ್ಜಿಗೆ ಕೊಡುವ ಅಡ್ರಿನಲಿನ್ ಆಂಪೂಲನ್ನು (ಮುರಿದು ತೆರೆಯುವ ಗಾಜಿನ ಸಣ್ಣ ಕೊಳವೆ) ಬೀರುವಿನಲ್ಲಿ ಬೀಗ ಹಾಕಿಡಬೇಡಿ, ಸಿರಿಂಜಿನ ಜೊತೆ ಇದೇ ಟೇಬಲ್ಲಿನ ಟ್ರೇಯಲ್ಲಿರಲಿ. ಅಲರ್ಜಿಯಿಂದ ವಯಸ್ಕ ರೋಗಿ ಕುಸಿದರೆ 1 ಮಿ.ಲೀ.ಗೆ 1 ಮಿ.ಗ್ರಾಂ ಇರುವ ದ್ರಾವಣದಿಂದ 0.5 ಮಿ.ಲೀ. ತೊಡೆಯ ಹೊರಭಾಗದ ಸ್ನಾಯುವಿಗೆ. ಬಣ್ಣ ಗುಲಾಬಿಯೋ ಕಂದೋ ಆಗಿದ್ದರೆ ಅದು ಬೇಡ. ಲಸಿಕೆ ಹಾಕಿಸಿಕೊಂಡವರು ಅರ್ಧ ಗಂಟೆ ಹೊರಗಿನ ಬೆಂಚಿನಲ್ಲೇ ಇರಲಿ.

ಡಬ್ಬಗಳು

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಸೂಜಿ, ಬ್ಲೇಡು ಬಿಳಿ ಗಟ್ಟಿ ಡಬ್ಬಕ್ಕೆ; ಸೂಜಿ ತೆಗೆದ ಸಿರಿಂಜು, ಡ್ರಿಪ್ ಸೆಟ್ಟು, ಗ್ಲೌಸು ಕೆಂಪಿಗೆ; ರಕ್ತ ಮೆತ್ತಿದ ಹತ್ತಿ, ಅವಧಿ ಮೀರಿದ ಔಷಧಿ ಹಳದಿಗೆ; ಗಾಜಿನ ಆಂಪೂಲು, ವಯಲ್ಲು ನೀಲಿಗೆ. ಸೂಜಿ ಡಬ್ಬ ಮುಕ್ಕಾಲು ತುಂಬಿದೊಡನೆ ಮುಚ್ಚಿ. ಕ್ಲಿನಿಕ್ಕಿನಲ್ಲಿ 48 ಗಂಟೆಗಿಂತ ಹೆಚ್ಚು ತ್ಯಾಜ್ಯ ಇಟ್ಟುಕೊಳ್ಳುವಂತಿಲ್ಲ, ಹಾಗಾಗಿ ತ್ಯಾಜ್ಯದ ಗಾಡಿ ಬಾರದ ದಿನವೇ ಫೋನು ಮಾಡಿ.

ರಕ್ತ ಚೆಲ್ಲಿದರೆ ಕಾಗದ ಮುಚ್ಚಿ, 1 ಶೇಕಡಾ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಸುರಿದು 10 ನಿಮಿಷ ಬಿಟ್ಟು ಒರೆಸಿ. ಅಂಗಡಿಯ 5 ಶೇಕಡಾ ದ್ರಾವಣವಾದರೆ ಒಂದು ಲೋಟಕ್ಕೆ ನಾಲ್ಕು ಲೋಟ ನೀರು. ಇದನ್ನು ದಿನವೂ ಹೊಸದಾಗಿ ಮಾಡಬೇಕು, ಇಟ್ಟಷ್ಟೂ ಬಲ ಕುಂದುತ್ತದೆ.

ಇಷ್ಟಾದರೂ ಕಸದ ಚೀಲ ಎತ್ತುವ ಆಯಾಗೆ ಸೂಜಿ ಚುಚ್ಚಬಹುದು. ಗಾಯ ಹಿಂಡಬೇಡಿ, ಸ್ಪಿರಿಟ್ ಹಚ್ಚಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಆದಷ್ಟೂ 2 ಗಂಟೆಯೊಳಗೆ ಶುರುವಾಗಬೇಕು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಒಟ್ಟು 28 ದಿನ ತೆಗೆದುಕೊಳ್ಳಬೇಕು. ಆ ಮಾತ್ರೆ ಸಿಗುವ ಹತ್ತಿರದ ಸರ್ಕಾರಿ ಆಸ್ಪತ್ರೆಯ ನಂಬರನ್ನು ಈಗಲೇ ಬಿಳಿ ಡಬ್ಬದ ಮೇಲೆ ಅಂಟಿಸಿ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸು ಸಿಸ್ಟರಿಗೆ ಮಾತ್ರವಲ್ಲ, ಆಯಾಗೂ ಆಗಿರಬೇಕು.