ನಮ್ಮ ಕ್ಲಬ್ಬಿಗೆ ಮಕ್ಕಳು ಬರಲು ಶುರುಮಾಡಿದ್ದು ಹೀಗೆ

"ಮಕ್ಕಳು ಸಮೋಸ ತಿಂದು ಮನೆಗೆ ಹೋಗ್ತಾರೆ ಸರ್, ನೋಡ್ತಿರಿ." ನಮ್ಮ ಶಾಲೆಯ ಸೇವಾ ಕ್ಲಬ್ ಶುರುವಾದ ದಿನ ಸ್ಟಾಫ್ ರೂಮಿನಲ್ಲಿ ಕೇಳಿದ ಮಾತಿದು. ಮೊದಲ ವರ್ಷ ಹಾಗೇ ಆಯಿತು, ಒಪ್ಪಿಕೊಳ್ಳುತ್ತೇನೆ. ಈಗ ಮೂರನೇ ವರ್ಷ. ಹೋದ ತಿಂಗಳು 42 ಮಕ್ಕಳಲ್ಲಿ ಹತ್ತಿರ ಹತ್ತಿರ 35 ಜನ ಬಂದಿದ್ದರು. ಅದೂ ಹೊರಗೆ ಧೋ ಅಂತ ಮಳೆ ಸುರಿಯುವಾಗ. ಆ ಮಾತು ಹೇಳಿದವರು ಈಗ ತಮ್ಮ ಮಗಳನ್ನೇ ಕಳಿಸುತ್ತಿದ್ದಾರೆ.

ನಮ್ಮದು ಮುಂಬಯಿಯ ಸೆಂಟ್ರಲ್ ಲೈನಿನಲ್ಲಿ, ಘಾಟ್ಕೋಪರ್ ದಾಟಿದ ಮೇಲೆ ಸಿಗುವ ಒಂದು ಕನ್ನಡ ಮಾಧ್ಯಮ ಶಾಲೆ. ಕ್ಲಬ್ಬು ಇಂಟರಾಕ್ಟ್ ಮಾದರಿಯದ್ದು, ಅಂದರೆ ರೋಟರಿಯವರು ಹದಿಹರೆಯದವರಿಗಾಗಿ ನಡೆಸುವ ಸೇವಾ ಕ್ಲಬ್ಬಿನಂತೆ. 12ರಿಂದ 18 ವಯಸ್ಸು, ವರ್ಷಕ್ಕೆ ಕನಿಷ್ಠ ಎರಡು ಪ್ರಾಜೆಕ್ಟ್, ಅಧ್ಯಕ್ಷ, ಕಾರ್ಯದರ್ಶಿ, ಪ್ರತಿಜ್ಞೆ, ಬ್ಯಾಡ್ಜು. ಇದೆಲ್ಲ ನಡೆಸುವವರಿಗೆ ಗೊತ್ತೇ ಇದೆ.

ಮೊದಲು ಕೈ ಸುಟ್ಟುಕೊಂಡದ್ದು ಟೀ ಶರ್ಟಿನಲ್ಲಿ. ಒಂದಕ್ಕೆ 180 ರೂಪಾಯಿಯಂತೆ 40 ಶರ್ಟು. ಮೇಲೆ ಒಂದು ಬ್ಯಾನರ್. ದಾನಿಗಳು ಕೊಟ್ಟ ಹತ್ತು ಸಾವಿರದಲ್ಲಿ ಎಂಟು ಸಾವಿರ ಅಲ್ಲೇ ಹೋಯಿತು. ಕೆಲಸ ಇನ್ನೂ ಶುರುವೇ ಆಗಿರಲಿಲ್ಲ!

ಆಮೇಲೆ ದಾದರ್ ಚೌಪಾಟಿ ಸ್ವಚ್ಛತೆ. ಭಾನುವಾರ ಇಟ್ಟುಕೊಂಡೆ. ಹಳಿ ರಿಪೇರಿಗೆ ರೈಲ್ವೆಯವರು ಭಾನುವಾರ ಇಡುವ ಮೆಗಾ ಬ್ಲಾಕ್ ನೋಡಿರಲಿಲ್ಲ. ಸ್ಲೋ ಗಾಡಿಗಳನ್ನು ಫಾಸ್ಟ್ ಟ್ರ್ಯಾಕಿಗೆ ತಿರುಗಿಸಿದ್ದರು, ನಮ್ಮ ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲಲೇ ಇಲ್ಲ. ಬಸ್ಸು ಹಿಡಿದು ತಲುಪುವಾಗ ಭರ್ತಿ ಉಬ್ಬರ. ಗುಡಿಸೋಣ ಅಂದರೆ ಮರಳೇ ಕಾಣುತ್ತಿರಲಿಲ್ಲ. 22 ಮಕ್ಕಳು, 22 ಜೊತೆ ಗ್ಲೌಸ್, ಎದುರಿಗೆ ನೀರು. ವಡಾಪಾವ್ ತಿಂದು ವಾಪಸ್ ಬಂದೆವು. ದಕ್ಷಿಣ ಕನ್ನಡದವನಾಗಿ ಉಬ್ಬರ ಇಳಿತ ನೋಡದೆ ಹೋದೆನಲ್ಲ, ಆ ನಾಚಿಕೆ ಇನ್ನೂ ಹೋಗಿಲ್ಲ. ಮುಂದಿನ ಮೀಟಿಂಗಿಗೆ ಬಂದವರು ಏಳೇ ಜನ.

ನಾನು ಮಾಡುತ್ತಿದ್ದ ತಪ್ಪು ಏನೆಂದರೆ, ಸೇವೆ ಒಂದು ದಿನ, ಮಜಾ ಇನ್ನೊಂದು ದಿನ. ಮೊದಲು ಕಸ ಹೆಕ್ಕಿ, ಆಮೇಲೆ ಅಂತ್ಯಾಕ್ಷರಿ. ಮಕ್ಕಳು ದಡ್ಡರಲ್ಲ. ಅಂತ್ಯಾಕ್ಷರಿಯ ದಿನ ಮಾತ್ರ ಬರುತ್ತಿದ್ದರು.

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ಜುಲೈ ತಿಂಗಳು, ಹೊರಗೆ ಏನೂ ಮಾಡುವಂತಿಲ್ಲ. ಶಾಲೆಯ ಹಿಂದಿನ ಚಾಳಿನ ಒಬ್ಬರು ಅಜ್ಜಿ, ಮೊಮ್ಮಗನಿಗೆ ವಿಡಿಯೋ ಕಾಲ್ ಮಾಡಿಕೊಡಿ ಅಂತ ಫೋನ್ ಹಿಡಿದು ಬಂದರು. ಜೊತೆಗೆ ಇನ್ನಿಬ್ಬರು. ತುಳುವರು ಚೆನ್ನೆ ಆಡುವ ಆಟಿ ತಿಂಗಳಲ್ಲವಾ, ಅವರಲ್ಲೊಬ್ಬರ ಚೀಲದಲ್ಲಿ ಚೆನ್ನೆಮಣೆ, ಅಂದರೆ ಗುಳಿ ಕೊರೆದ ಆಟದ ಮಣೆ ಇತ್ತು. ಹುಡುಗರು ಅದನ್ನು ನೋಡಿಯೇ ಇರಲಿಲ್ಲ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ, ಮಂಜೊಟ್ಟಿಯ ಕೆಂಪು ಬೀಜ. ಒಂಬತ್ತನೇ ಕ್ಲಾಸಿನ ನಮ್ಮ ಗಣಿತದ ಹುಲಿಯೊಬ್ಬ ಹತ್ತು ನಿಮಿಷದಲ್ಲಿ ಅಜ್ಜಿಯ ಕೈಲಿ ಸೋತ. ಇನ್ನೊಂದಾಟ ಅಂದ. ಅದನ್ನೂ ಸೋತ. ಸಂಜೆ ಆರಾದರೂ ಯಾರೂ ಮನೆಗೆ ಹೋಗಲಿಲ್ಲ.

ಅಲ್ಲಿಂದ ಕ್ರಮ ಬದಲಾಯಿತು. ಎರಡನೇ ಶನಿವಾರ, ಮೂರು ಗಂಟೆ. ಮಕ್ಕಳು ಫೋನ್ ಕಲಿಸುವುದು, ಅಜ್ಜಿಯರು ಆಟ ಕಲಿಸುವುದು, ಒಂದೇ ಮೇಜಿನಲ್ಲಿ. ಈಗ 18 ಜನ ಹಿರಿಯರು ಬರುತ್ತಾರೆ. ಹೋಟೆಲಿನಲ್ಲಿ ದುಡಿದು ನಿವೃತ್ತರಾದ ನಾಲ್ಕೈದು ಅಜ್ಜಂದಿರೂ ಇದ್ದಾರೆ, ಅವರಿಗೆ ಕೇರಂ.

ಶುರುವಿನಲ್ಲಿ ಮಕ್ಕಳು ಫೋನ್ ಕಸಿದುಕೊಂಡು ಟಕಟಕ ಒತ್ತಿ "ಆಯ್ತು ಅಜ್ಜಿ" ಅಂತ ಕೊಡುತ್ತಿದ್ದರು. ಅಜ್ಜಿಗೆ ಏನೂ ಬಂದಿರುತ್ತಿರಲಿಲ್ಲ. ಈಗ ನಿಯಮ ಒಂದೇ: ಫೋನ್ ಅಜ್ಜಿ ಕೈಲಿ, ನಿಮ್ಮ ಕೈ ಬೆನ್ನ ಹಿಂದೆ. ಪಿನ್ ಒತ್ತುವಾಗ ಮುಖವೂ ಆಚೆಗೆ. ಮೊದಲು ಅಕ್ಷರ ದೊಡ್ಡದು ಮಾಡುವುದು, ಆಮೇಲೆ ವಿಡಿಯೋ ಕಾಲ್, ಓಟಿಪಿ ಯಾರಿಗೂ ಹೇಳಬಾರದು ಅನ್ನೋದು. ಹಣ ಕಳಿಸುವುದು ಕೊನೆಗೆ. ಇದರ ಜೊತೆಗೆ ಇನ್ನೊಂದು ಲಾಭ ಸಿಕ್ಕಿತು. ತಮ್ಮತಮ್ಮಲ್ಲಿ ಹಿಂದಿ, ಮರಾಠಿಯಲ್ಲೇ ಮಾತಾಡುವ ನಮ್ಮ ಮಕ್ಕಳು ಅಲ್ಲಿ ಕನ್ನಡವೋ ತುಳುವೋ ಆಡಲೇಬೇಕು. ಹೋದ ವರ್ಷ ಕನ್ನಡ ಪೇಪರು ತಿದ್ದುವಾಗ ನನಗೆ ಕೆಲಸ ಕಡಿಮೆಯಾಯಿತು ಅಂದರೆ ಜಂಬ ಅಂದುಕೊಳ್ಳಬೇಡಿ.

ದುಡ್ಡಿನ ವಿಷಯ. ತಿಂಗಳಿಗೆ 20 ರೂಪಾಯಿ ಚಂದಾ ಇಟ್ಟು ನೋಡಿದೆ. ಕೊಡಲಾಗದ ಮಕ್ಕಳು ಹೇಳದೆ ಬಿಟ್ಟುಹೋದರು. ಅದನ್ನು ನಿಲ್ಲಿಸಿ ರದ್ದಿ ಹಿಡಿದೆವು. ಮೂರು ತಿಂಗಳಿಗೊಮ್ಮೆ ಅಕ್ಕಪಕ್ಕದ ಸೊಸೈಟಿಗಳಿಂದ ಹಳೇ ಪೇಪರ್ ತರುತ್ತಾರೆ. ಮೊದಲ ಸಲ ನಮ್ಮ ಅಂದಾಜಿಗೆ 200 ಕಿಲೋ ದಾಟಿತ್ತು, ರದ್ದಿಯವನ ತಕ್ಕಡಿಯಲ್ಲಿ 160! ಮುನ್ನೂರೈವತ್ತು ಕೊಟ್ಟು ಕೊಕ್ಕೆ ತಕ್ಕಡಿ ತಂದೆ. ಅದನ್ನು ಕೈಲಿ ಹಿಡಿದು ನಿಂತರೆ ಸಾಕು, ಆತನ ತಕ್ಕಡಿಯೂ ಸರಿಯಾಗುತ್ತದೆ. ಕಿಲೋಗೆ 13, 14 ರೂಪಾಯಿ ಸಿಗುತ್ತದೆ. ಒಂದು ಸಲಕ್ಕೆ ಎರಡೂವರೆ ಸಾವಿರದ ಮೇಲೆ. ಲೆಕ್ಕ ಬರೆಯುವುದು ಮಕ್ಕಳೇ. ಖಜಾಂಚಿಯನ್ನು ನಾನು ಹೇಗೆ ಆರಿಸುತ್ತೇನೆ ಅನ್ನೋದು ಮಾತ್ರ ಹೇಳುವುದಿಲ್ಲ. ಓಟು ಹಾಕಿಸುವುದಿಲ್ಲ, ಅಷ್ಟು ಸಾಕು. ಪ್ರತಿ ಸಲ 60 ಇಡ್ಲಿ ಪುಕ್ಕಟೆ ಕಳಿಸುವ ಹೋಟೆಲ್ ಮಾಲೀಕರಿಗೆ ನಾನು ಏನು ಹೇಳಿದೆ ಅನ್ನೋದೂ ಅಷ್ಟೇ.

ನಡುವೆ ನಿರ್ಮಾಲ್ಯದ ಗೊಬ್ಬರವನ್ನೂ ಮಾಡಿ ನೋಡಿದೆವು. ಗಣಪತಿ ಸಮಯದಲ್ಲಿ ಹೂವು ತಂದು 900 ರೂಪಾಯಿಯ ಡ್ರಮ್ಮಿಗೆ ತುಂಬಿದೆವು. ಹಾರದ ದಾರ ಬಿಡಿಸಿರಲಿಲ್ಲ, ಒಣ ಎಲೆ ಹಾಕಿರಲಿಲ್ಲ. ವಾರದಲ್ಲಿ ಹುಳ, ವಾಸನೆ, ಹೆಡ್‌ಮಾಸ್ಟರ ಬುಲಾವ್. ಮರುವರ್ಷ ದಾರ ಬಿಡಿಸುವ ಕೆಲಸ ಅಜ್ಜಿಯರಿಗೆ ಹೋಯಿತು. ಹರಟೆ ಹೊಡೆಯುತ್ತಾ ಒಂದೂವರೆ ಗಂಟೆಯಲ್ಲಿ ಮೂರು ಗೋಣಿ ಮುಗಿಸಿದರು. ಪದರ ಪದರಕ್ಕೂ ಒಣ ಎಲೆ, ತೆಂಗಿನ ನಾರು ಹಾಕಿದೆವು. ಮೂರು ತಿಂಗಳ ಮೇಲೆ ಸುಮಾರು 25 ಕಿಲೋ ಗೊಬ್ಬರ ಸಿಕ್ಕಿತು. ಪೊಟ್ಟಣ ಕಟ್ಟಿ ಅವರವರ ತುಳಸಿ ಕುಂಡಕ್ಕೇ ಕೊಟ್ಟೆವು.

ಹತ್ತನೇ ಕ್ಲಾಸಿನವರನ್ನು ದೀಪಾವಳಿ ಮುಗಿದ ಮೇಲೆ ಕರೆಯುವುದಿಲ್ಲ. ಪಾಲಕರ ಜೊತೆ ಜಗಳ ಆಡಿ ಗೆದ್ದವರಿಲ್ಲ. ಆದರೂ ಪರೀಕ್ಷೆ ಮುಗಿದ ಮಾರನೇ ಶನಿವಾರ ಆರು ಜನ ತಾವಾಗಿ ಬಂದಿದ್ದರು.

ಸದ್ಯದ ತಲೆನೋವು ಬೇರೆ. ಇರುವುದು ಮೂರೇ ಚೆನ್ನೆಮಣೆ, ಅದರಲ್ಲೊಂದು ಮಳೆಗಾಲದ ತೇವಕ್ಕೆ ಸೀಳಿದೆ. ಉಡುಪಿಯಿಂದ ಇನ್ನೆರಡು ತರಿಸಬೇಕು, ಖಜಾಂಚಿ ಹುಡುಗಿ ರೇಟು ಕೇಳಿ ತಲೆ ಅಲ್ಲಾಡಿಸುತ್ತಿದ್ದಾಳೆ. ಒಂದು ಮಣೆಯ ಕಾಯಿಗಳೂ 56 ಇದ್ದದ್ದು 51ಕ್ಕೆ ಇಳಿದಿವೆ. ಬದಲಿಗೆ ಐದು ಹುಣಸೆ ಬೀಜ ಹಾಕಿಕೊಂಡಿದ್ದೇವೆ. ಅಜ್ಜಿಯರು ಮೂಗು ಮುರಿಯುತ್ತಾರೆ, ಆಡುತ್ತಾರೆ.