ಸಿಂಹರಾಜದ ಅಂಚಿನಲ್ಲಿ ಪೊದೆಗಪ್ಪೆಗಳನ್ನು ಹುಡುಕಿದ ಅನುಭವ

ಮಲೆನಾಡಿನಲ್ಲಿ ಎರಡು ಮಳೆಗಾಲ ಕಪ್ಪೆಗಳ ಕೂಗು ದಾಖಲಿಸಿದ್ದರೂ, ಶ್ರೀಲಂಕಾದ ಸಿಂಹರಾಜ ಕಾಡಿನಂಚಿನ ಕುಡಾವದಲ್ಲಿ ಮೊದಲ ಮೂರು ರಾತ್ರಿ ನನಗೆ ಒಂದು ಕಪ್ಪೆಯೂ ಕಾಣಲಿಲ್ಲ. ನಾನು ಹುಡುಕುತ್ತಿದ್ದದ್ದು ಸೂಡೊಫಿಲಾಟಸ್ ಕುಲದ ಪೊದೆಗಪ್ಪೆಗಳನ್ನು. ನಮ್ಮ ಸಹ್ಯಾದ್ರಿಯಲ್ಲಿ ಇದರ ಕೆಲವೇ ಜಾತಿಗಳಿವೆ, ಉಳಿದವೆಲ್ಲ ಆ ದ್ವೀಪದವು. ಹಲವು ಜಾತಿಗಳ ಗಂಡು ಎರಡು ಸೆಂಟಿಮೀಟರ್ ಆಸುಪಾಸಿನದು; ಟಾರ್ಚಿನ ಬೆಳಕು ಹತ್ತಿರ ಬಂದೊಡನೆ ಕೂಗು ನಿಲ್ಲಿಸಿ ಎಲೆಗಳ ನಡುವೆ ಕಾಣದಾಗುತ್ತದೆ.

ನಾಲ್ಕನೆಯ ರಾತ್ರಿ ಕ್ರಮ ಬದಲಿಸಿದೆ. ಸ್ಥಳೀಯ ಮಾರ್ಗದರ್ಶಿಯೂ ನಾನೂ ಕೂಗಿನಿಂದ ಎರಡು ಮಾರು ದೂರದಲ್ಲಿ, ಬೇರೆ ಬೇರೆ ಬದಿಗೆ ನಿಂತು, ಬೆಳಕು ಆರಿಸಿ, ಅದು ಮತ್ತೆ ಕೂಗುವವರೆಗೆ ಕಾದೆವು. ಸದ್ದು ಬಂದ ದಿಕ್ಕಿಗೆ ಇಬ್ಬರೂ ಒಮ್ಮೆಗೇ ಟಾರ್ಚ್ ಹಾಕಿದಾಗ, ಎರಡು ಬೆಳಕುಗಳು ಕೂಡಿದ ಕಡೆ, ಮೊಣಕಾಲೆತ್ತರದ ಗಿಡದ ಎಲೆಯ ತುದಿಯಲ್ಲಿ ಸೂಡೊಫಿಲಾಟಸ್ ಪಾಪ್ಯುಲಾರಿಸ್ ಗಂಟಲ ಚೀಲ ಉಬ್ಬಿಸಿಕೊಂಡು ಕುಳಿತಿತ್ತು. ಆ ಚರ್ಮ ಎಷ್ಟು ತೆಳುವಾಗಿತ್ತೆಂದರೆ ಬೆಳಕು ಅದರ ಮೂಲಕ ಹಾದು ಬರುತ್ತಿತ್ತು.

ಇಂಬಳಕ್ಕೆಂದು ನಮ್ಮಲ್ಲಿ ಹಚ್ಚಿಕೊಳ್ಳುವ ಹೊಗೆಸೊಪ್ಪಿನ ನೀರನ್ನು ಬಳಸಲಿಲ್ಲ, ಏಕೆಂದರೆ ಕಪ್ಪೆಯ ಚರ್ಮ ತನಗೆ ತಾಗಿದ್ದನ್ನು ಹೀರಿಕೊಳ್ಳುತ್ತದೆ. ಕೂಗಿನ ಪ್ರತಿ ಧ್ವನಿಮುದ್ರಣದ ಜೊತೆ ಗಾಳಿಯ ಉಷ್ಣತೆಯನ್ನೂ ಬರೆದಿಟ್ಟೆ. ಚಳಿ ಹೆಚ್ಚಿದಂತೆ ಕೂಗು ನಿಧಾನವಾಗುವುದರಿಂದ ಉಷ್ಣತೆ ಬರೆದಿಡದ ಧ್ವನಿಮುದ್ರಣಗಳನ್ನು ಹೋಲಿಸಿ ನೋಡುವುದು ಕಷ್ಟ.

ಈ ಕುಲದಲ್ಲಿ ನೀರಿನಲ್ಲಿ ಈಜುವ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆ ಹೊರಬರುತ್ತದೆ. ಹೆಚ್ಚಿನವು ಮಣ್ಣಿನಲ್ಲಿ ಮೊಟ್ಟೆಯಿಡುವುದರಿಂದ ಮರದ ನೆರಳು ಹೋಗಿ ನೆಲ ಒಣಗಿದರೆ ಇವುಗಳ ಸಂತಾನವೇ ನಿಲ್ಲುತ್ತದೆ. ದ್ವೀಪದಲ್ಲಿ ಹಿಂದೆ ದಾಖಲಾಗಿದ್ದ 15ಕ್ಕೂ ಹೆಚ್ಚು ಜಾತಿಗಳು ಅಳಿದುಹೋಗಿವೆ. ಆದರೂ 1853ರಲ್ಲಿ ಪ್ರಾಣಿಶಾಸ್ತ್ರಜ್ಞ ಕೆಲಾರ್ಟ್ ವಿವರಿಸಿದ್ದ, ಅಳಿದೇಹೋಯಿತೆಂದು ಭಾವಿಸಲಾಗಿದ್ದ, ಇದೇ ಕುಲದ ಸ್ಟೆಲ್ಲಾಟಸ್ ಎಂಬ ಜಾತಿ 2009ರಲ್ಲಿ ಶ್ರೀಪಾದ ಶಿಖರದ ಕಾಡಿನಲ್ಲಿ ಮತ್ತೆ ಸಿಕ್ಕಿತೆಂಬ ಸಂಗತಿ, ಕತ್ತಲಲ್ಲಿ ಇನ್ನೂ ಸ್ವಲ್ಪ ಹೊತ್ತು ಕಾಯಲು ನನಗೆ ಬಲ ಕೊಡುತ್ತಿತ್ತು.

ಕೊನೆಯ ರಾತ್ರಿ ಚಹಾ ತೋಟದ ಬೇಲಿಯಡಿ ಹೆಣ್ಣೊಂದು, ಬೆನ್ನ ಮೇಲೆ ಗಂಡನ್ನು ಹೊತ್ತುಕೊಂಡೇ, ಸಡಿಲ ಮಣ್ಣು ಕೆದಕುತ್ತಿತ್ತು. ಟಾರ್ಚಿಗೆ ಕೆಂಪು ಕಾಗದ ಸುತ್ತಿ ಅಲುಗಾಡದೆ ಕುಳಿತು ನೋಡಿದೆವು. ಅದು ಮೊಟ್ಟೆಗಳನ್ನು ಮಣ್ಣಿನೊಂದಿಗೆ ಕಲೆಸಿ, ಗುಳಿ ಮುಚ್ಚಿ ಹೊರಟುಹೋಯಿತು. ಬೆಳಿಗ್ಗೆ ಆ ಜಾಗ ಸುತ್ತಲ ನೆಲದಂತೆಯೇ ಇತ್ತು, ನಾನು ಪಕ್ಕದಲ್ಲಿ ನೆಟ್ಟಿದ್ದ ಕಡ್ಡಿಯೊಂದೇ ಗುರುತು. ತೋಟದ ಅಜ್ಜಿಗೆ ಅದನ್ನು ತೋರಿಸಿ, ಎರಡು ತಿಂಗಳು ಅಲ್ಲಿನ ತರಗೆಲೆ ಗುಡಿಸಬೇಡಿರೆಂದು ಮಾರ್ಗದರ್ಶಿಯ ಮೂಲಕ ಕೇಳಿಕೊಂಡೆ.